ಪೋಪ್ ವಿಷಯಕ್ಕೆ ಸರಿಯಾಗಿ ಜಗಳ ಆಡುವುದು ಹೇಗೆ

ನಾನು ಧಾರವಾಡದ ಬಾಸೆಲ್ ಮಿಷನ್ ಮನೆತನದವಳು, ಅಂದರೆ ಪ್ರೊಟೆಸ್ಟಂಟ್. ಗಂಡನ ಮನೆ ಮಂಗಳೂರು, ತಲೆತಲಾಂತರದಿಂದ ಕ್ಯಾಥೊಲಿಕ್. ಮದುವೆಯಾದ ಮೊದಲ ಕ್ರಿಸ್‌ಮಸ್‌ಗೆ ಅತ್ತೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಮುಂದಿಟ್ಟರು. ನೆವ್ರಿ ಬಾಯಿಗಿಡುತ್ತಲೇ ನಾನು ಮಾವನವರನ್ನು ಕೇಳಿಬಿಟ್ಟೆ: "ಅಲ್ಲ ಮಾವ, ಪೋಪ್ ತಪ್ಪೇ ಮಾಡೋದಿಲ್ಲ ಅಂತ ನೀವು ನಿಜವಾಗ್ಲೂ ನಂಬ್ತೀರಾ? ಮಕ್ಕಳು ಮರಿ ಇದ್ದ ಪೋಪ್‌ಗಳೂ ಇದ್ದರಲ್ಲ?"

ಮಾವ ಚಹಾ ಲೋಟ ಕೆಳಗಿಟ್ಟರು. "ಬಾಯೆ, ಪೋಪ್ ಕೂಡ ಪಾಪನಿವೇದನೆಗೆ ಹೋಗ್ತಾರೆ, ಗೊತ್ತುಂಟಾ? ಪಾಪವೇ ಮಾಡದವರು ಅಲ್ಲಿಗೆ ಯಾಕೆ ಹೋಗ್ಬೇಕು?"

ಅಷ್ಟೇ. ಸಂಡೇ ಸ್ಕೂಲಿನಿಂದ ಜತನವಾಗಿ ಇಟ್ಟುಕೊಂಡು ಬಂದಿದ್ದ ನನ್ನ ವಾದ ಒಂದೇ ಮಾತಿಗೆ ನೆಲ ಕಚ್ಚಿತು. ಗಂಡ ಪಕ್ಕದಲ್ಲಿ ಕೂತು ನಗುತ್ತಿದ್ದರು. ಆಮೇಲೆ ಹಲವು ಕ್ರಿಸ್‌ಮಸ್ ಕಳೆದಿವೆ, ನಾನೂ ಮಾವನವರೂ ಈಗಲೂ ವಾದ ಮಾಡುತ್ತೇವೆ, ಆದರೆ ಈಗ ಜಗಳ ಚೆನ್ನಾಗಿ ನಡೆಯುತ್ತದೆ. ಎರಡೂ ಕಡೆಯವರು ಸೇರುವ ಮನೆ, ಹಾಸ್ಟೆಲ್, ಆಫೀಸು ನಿಮ್ಮದೂ ಆಗಿದ್ದರೆ ಇದು ಉಪಯೋಗಕ್ಕೆ ಬರಬಹುದು. ಮೊದಲೇ ಹೇಳಿಬಿಡುತ್ತೇನೆ, ನಾನು ಇವತ್ತಿಗೂ ಪ್ರೊಟೆಸ್ಟಂಟಳೇ. ಹಾಗಾಗಿ ಮಾತು ಒಂದು ಕಡೆಗೆ ವಾಲಿದರೆ ಕ್ಷಮಿಸಿ.

ಮೊದಲ ಕೆಲಸ: ಆ ಕಾಗದ ಓದಿ

ಈ ಜಗಳ ಆಡುವ ನೂರು ಜನರಲ್ಲಿ ಮೂಲ ಬರಹ ಓದಿದವರು ಒಬ್ಬರೂ ಸಿಗುವುದು ಕಷ್ಟ. ಎರಡೂ ಕಡೆ ಇದೇ ಕಥೆ. ಆ ಬರಹದ ಹೆಸರು ಪಾಸ್ಟರ್ ಏಟರ್ನುಸ್. ಮೊದಲನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕ್ಯಾಥೊಲಿಕ್ ಬಿಷಪರೆಲ್ಲ ಕೂಡುವ ಸಭೆ, 1870ರ ಜುಲೈ 18ರಂದು ರೋಮಿನಲ್ಲಿ ಅದನ್ನು ಪಾಸು ಮಾಡಿತು. ಒಟ್ಟು ನಾಲ್ಕೇ ಅಧ್ಯಾಯ. ಒಂದು ಲೋಟ ಚಹಾ ಮುಗಿಯುವುದರೊಳಗೆ ಓದಿ ಮುಗಿಸಬಹುದು.

ನಾಲ್ಕನೇ ಅಧ್ಯಾಯದ ಕೊನೆಯಲ್ಲಿ ಎಲ್ಲರೂ ಬಡಿದಾಡುವ ಆ ಮಾತಿದೆ. ಮಾವನವರು ಅದನ್ನು ಒಡೆದು ಒಡೆದು ಒಂದು ಹಳೇ ಮದುವೆ ಕರೆಯೋಲೆಯ ಹಿಂಬದಿಗೆ ಬರೆದುಕೊಟ್ಟರು. ಪೋಪ್ ಎಲ್ಲ ಕ್ರೈಸ್ತರ ಕುರುಬನಾಗಿ, ಗುರುವಾಗಿ, ಆ ಹುದ್ದೆಯ ಅಧಿಕಾರದಿಂದಲೇ ಮಾತಾಡುತ್ತಿರಬೇಕು. ವಿಷಯ ನಂಬಿಕೆಯದ್ದೋ ನೀತಿಯದ್ದೋ ಆಗಿರಬೇಕು. ಸುಮ್ನೆ ಬುದ್ಧಿವಾದ ಹೇಳಿದರೆ ಸಾಲದು, "ಇದು ಹೀಗೇ" ಎಂದು ಅಂತಿಮವಾಗಿ ತೀರ್ಮಾನ ಮಾಡುತ್ತಿರಬೇಕು. ಆ ತೀರ್ಮಾನವನ್ನು ಇಡೀ ಸಭೆ, ಅಂದರೆ ಎಲ್ಲ ವಿಶ್ವಾಸಿಗಳು, ಒಪ್ಪಲೇಬೇಕು ಎನ್ನುತ್ತಿರಬೇಕು. ನಾಲ್ಕೂ ಕೂಡಿದರೆ ಮಾತ್ರ ಅದು ಎಕ್ಸ್ ಕತೇದ್ರಾ, ಅಂದರೆ ಪೀಠದಿಂದ ಬಂದ ಮಾತು. ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಪೀಠ ಅಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಹಾಗೆ ಮಾತಾಡುವಾಗ ಮಾತ್ರ ದೇವರು ತಪ್ಪಾಗದಂತೆ ಕಾಯುತ್ತಾನೆ ಎನ್ನುವುದು ಅವರ ನಂಬಿಕೆ. ಇಂಗ್ಲಿಷಿನವರು ಇದಕ್ಕೆ ಇನ್‌ಫಾಲಿಬಿಲಿಟಿ ಎನ್ನುತ್ತಾರೆ. ಕನ್ನಡದಲ್ಲಿ ನಾನು "ಬೋಧನೆಯಲ್ಲಿ ತಪ್ಪದಿರುವುದು" ಎಂದೇ ಹೇಳುತ್ತೇನೆ. "ಬೋಧನೆಯಲ್ಲಿ" ಎನ್ನುವ ಆ ಒಂದು ಪದ ಬಿಟ್ಟರೆ ಅರ್ಥವೇ ಕೆಟ್ಟುಹೋಗುತ್ತದೆ.

ಹಾಗಾದರೆ ಇಂಥ ಮಾತು ಎಷ್ಟು ಸಲ ಬಂದಿದೆ? ಎಲ್ಲರೂ ತಕರಾರಿಲ್ಲದೆ ಒಪ್ಪುವುದು ಎರಡನ್ನು. 1854ರಲ್ಲಿ ಒಂಬತ್ತನೇ ಪಿಯುಸ್, ಮರಿಯಮ್ಮ ಜನ್ಮಪಾಪದ ಸೋಂಕಿಲ್ಲದೆ ತಾಯಿಯ ಗರ್ಭದಲ್ಲಿ ಮೂಡಿದಳು ಎಂದು ಸಾರಿದ್ದು. 1950ರ ನವೆಂಬರ್ 1ರಂದು ಹನ್ನೆರಡನೇ ಪಿಯುಸ್, ಆಕೆ ದೇಹ ಸಮೇತ ಸ್ವರ್ಗಕ್ಕೆ ಸೇರಿದಳು ಎಂದು ಸಾರಿದ್ದು. ಮೊದಲನೆಯದು 1870ಕ್ಕಿಂತ ಮುಂಚಿನದು ಎನ್ನುವುದನ್ನು ಗಮನಿಸಿ. ವಿಮಾನದಲ್ಲಿ ಪತ್ರಕರ್ತರಿಗೆ ಕೊಡುವ ಉತ್ತರ, ಭಾನುವಾರದ ಪ್ರಸಂಗ, ಇವು ಯಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ. 1968ರಲ್ಲಿ ಗರ್ಭನಿರೋಧದ ವಿರುದ್ಧ ಬಂದ ಆರನೇ ಪೌಲರ ಪತ್ರಕ್ಕೂ ಎಕ್ಸ್ ಕತೇದ್ರಾ ಮುದ್ರೆ ಇಲ್ಲ.

ಇದನ್ನು ತಿಳಿದುಕೊಂಡರೆ ಪ್ರೊಟೆಸ್ಟಂಟರ ಅರ್ಧ ಬತ್ತಳಿಕೆ ಖಾಲಿ. ಬೇಜಾರಾಗಬೇಡಿ, ಮೊಂಡು ಬಾಣಗಳು ಹೋದರೆ ಹೋಗಲಿ.

ಬಿಸಾಡಬೇಕಾದ್ದನ್ನು ಬಿಸಾಡಿ

ಪೋಪ್ ಆರನೇ ಅಲೆಕ್ಸಾಂಡರನ ಮಕ್ಕಳ ಕಥೆ ಬಿಟ್ಟುಬಿಡಿ. ಅವನ ಬದುಕು ಹೇಗಿತ್ತು ಎಂಬುದನ್ನು ಕ್ಯಾಥೊಲಿಕ್ ಇತಿಹಾಸಕಾರರೇ ಮುಚ್ಚಿಡುವುದಿಲ್ಲ. ಪಾಪ ಮಾಡುವುದು ಬೇರೆ, ತಪ್ಪು ಬೋಧಿಸುವುದು ಬೇರೆ. ಗೆಲಿಲಿಯೋನನ್ನೂ ಪಕ್ಕಕ್ಕಿಡಿ. 1633ರಲ್ಲಿ ಅವನ ಮೇಲೆ ತೀರ್ಪು ಕೊಟ್ಟದ್ದು ವಿಚಾರಣಾ ಮಂಡಳಿ (ಇನ್‌ಕ್ವಿಸಿಷನ್). ಪೋಪ್ ಪೀಠದಿಂದ ಸಾರಿದ ಸಿದ್ಧಾಂತ ಅದಾಗಿರಲಿಲ್ಲ. ಅಧಿಕಾರದ ದುರುಪಯೋಗ ಎಂದು ಬೈಯಿರಿ, ತಪ್ಪಿಲ್ಲ. 1992ರಲ್ಲಿ ಎರಡನೇ ಜಾನ್ ಪಾಲ್ ಕೂಡ ಆ ಪ್ರಕರಣದಲ್ಲಿ ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಆದರೆ ಬೋಧನೆಯ ವಾದಕ್ಕೆ ಅದು ತಾಗುವುದಿಲ್ಲ.

ಕ್ಯಾಥೊಲಿಕರು ಮೊದಲ ಪೋಪ್ ಎನ್ನುವುದು ಯೇಸುವಿನ ಶಿಷ್ಯ ಪೇತ್ರನನ್ನು. ಅಂತಿಯೋಕ್ಯದಲ್ಲಿ ಪೌಲ ಆ ಪೇತ್ರನನ್ನು ಮುಖದೆದುರೇ ತರಾಟೆಗೆ ತೆಗೆದುಕೊಂಡದ್ದು ಗಲಾತ್ಯ 2:11ರಲ್ಲಿದೆ. ನಮ್ಮವರಿಗೆ ಇದು ಬಹಳ ಪ್ರೀತಿಯ ವಚನ. ಆದರೆ ಪೇತ್ರ ಅಲ್ಲಿ ಎಡವಿದ್ದು ನಡತೆಯಲ್ಲಿ, ಅನ್ಯಜನರ ಜೊತೆ ಊಟಕ್ಕೆ ಕೂರಲು ಹಿಂಜರಿದದ್ದರಲ್ಲಿ. ಕ್ಯಾಥೊಲಿಕರು ಹೀಗೇ ಉತ್ತರ ಕೊಡುತ್ತಾರೆ, ಕೊಟ್ಟರೆ ನೀವು ಸುಮ್ಮನಾಗಬೇಕಾಗುತ್ತದೆ. ಪೇತ್ರನಿಗೂ ಎದುರುತ್ತರ ಕೊಡುವ ಹಕ್ಕು ಇನ್ನೊಬ್ಬ ಅಪೊಸ್ತಲನಿಗೆ ಇತ್ತು ಎನ್ನುವಷ್ಟಕ್ಕೆ ಮಾತ್ರ ಈ ವಚನ ಬಳಸಿ.

ಕ್ಯಾಥೊಲಿಕ್ ಕಡೆಯವರೂ ಒಂದನ್ನು ಬಿಸಾಡಬೇಕು: "ಮೊದಲಿನಿಂದ ಎಲ್ಲರೂ ಹೀಗೇ ನಂಬುತ್ತಿದ್ದರು" ಎನ್ನುವ ಮಾತು. 1870ರ ಆ ಮಹಾಸಭೆಯ ಕಥೆ ನೋಡಿ. ಜುಲೈ 13ರ ಮೊದಲ ಮತದಾನದಲ್ಲಿ 451 ಜನ ಸೈ ಎಂದರು, 88 ಜನ ಬೇಡ ಎಂದರು, 62 ಜನ ತಿದ್ದುಪಡಿ ಬೇಕು ಎಂದರು. ಪೋಪ್‌ಗೆ ಮುಖ ಕೊಟ್ಟು ಇಲ್ಲ ಎನ್ನಲಾರದೆ ಸುಮಾರು 60 ಬಿಷಪರು ಕೊನೆಯ ಮತದಾನಕ್ಕೆ ಮೊದಲೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ಜುಲೈ 18ರಂದು ಸಂತ ಪೇತ್ರರ ಬಸಿಲಿಕದ ಮೇಲೆ ಗುಡುಗು ಸಿಡಿಲಿನ ಮಳೆ. ಒಳಗೆ ಒಬ್ಬೊಬ್ಬರ ಹೆಸರು ಕರೆದು ಮತ ಕೇಳುತ್ತಿದ್ದರು. 533 ಮತ ಪರವಾಗಿ, ಎರಡು ವಿರುದ್ಧ. ಒಬ್ಬರು ಇಟಲಿಯ ಕಯಾತ್ಸೋದ ಬಿಷಪ್ ರಿಚ್ಚೊ, ಇನ್ನೊಬ್ಬರು ಅಮೆರಿಕದ ಲಿಟಲ್ ರಾಕ್ ಊರಿನ ಬಿಷಪ್ ಫಿಟ್ಸ್‌ಜೆರಾಲ್ಡ್. ಪೇತ್ರನೆಂಬ ಬಂಡೆಯ ಮೇಲಿನ ಜಗಳದಲ್ಲಿ (ಆ ವಚನ ಮುಂದೆ ಬರುತ್ತದೆ) "ಚಿಕ್ಕ ಬಂಡೆ" ಎಂಬ ಹೆಸರಿನ ಊರಿನವರು ವಿರುದ್ಧ ಮತ ಹಾಕಿದರು ನೋಡಿ! ಇಬ್ಬರೂ ಅಲ್ಲೇ ತೀರ್ಮಾನಕ್ಕೆ ತಲೆಬಾಗಿದರು ಎನ್ನುವುದನ್ನೂ ಹೇಳಬೇಕು. ಮರುದಿನವೇ ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ಸೆಪ್ಟೆಂಬರ್ 20ಕ್ಕೆ ಇಟಲಿಯ ಸೈನ್ಯ ರೋಮಿಗೆ ನುಗ್ಗಿ ಪೋಪರ ರಾಜ್ಯವೇ ಹೋಯಿತು. ಬೋಧನೆಯಲ್ಲಿ ತಪ್ಪುವುದಿಲ್ಲ ಎಂದು ಸಾರಿ ಎರಡು ತಿಂಗಳಿಗೆ ಊರನ್ನೇ ಕಳೆದುಕೊಂಡದ್ದು.

"ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ" ಎಂದು ಇಂಗ್ಲಿಷ್ ಇತಿಹಾಸಕಾರ ಲಾರ್ಡ್ ಆಕ್ಟನ್ ಹೇಳಿದ ಮಾತನ್ನು ನಾವು ರಾಜಕಾರಣಿಗಳಿಗೆ ಅಂಟಿಸುತ್ತೇವೆ. 1887ರಲ್ಲಿ ಅವರು ಅದನ್ನು ಬರೆದದ್ದು ಪೋಪರ ಇತಿಹಾಸ ಬರೆಯುತ್ತಿದ್ದ ಒಬ್ಬ ಆಂಗ್ಲಿಕನ್ ಪಾದ್ರಿಗೆ. ಆಕ್ಟನ್ ಸ್ವತಃ ಕ್ಯಾಥೊಲಿಕ್. 1870ರಲ್ಲಿ ರೋಮಿನಲ್ಲೇ ಕೂತು ಈ ತೀರ್ಮಾನದ ವಿರುದ್ಧ ಓಡಾಡಿದವರು. ಇದನ್ನು ನಾನು ಹೇಳಿದಾಗ ಮಾವನವರಿಗೆ ಹೊಸದು, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಪೋಪರ ಅಧಿಕಾರ ಒಂದು, ಬೋಧನೆಯಲ್ಲಿ ತಪ್ಪದಿರುವುದು ಇನ್ನೊಂದು. ಎರಡನ್ನೂ ಕಲಸಿ ಮಾತಾಡಿದರೆ ರಾತ್ರಿಯಾದರೂ ಮುಗಿಯುವುದಿಲ್ಲ. ಎಲ್ಲರೂ ನಾಲ್ಕನೇ ಅಧ್ಯಾಯಕ್ಕೆ ಓಡುತ್ತಾರೆ, ಆದರೆ ದಿನನಿತ್ಯ ಬಿಸಿ ತಟ್ಟುವುದು ಮೂರನೆಯದು. ಎಲ್ಲ ಸಭೆಗಳ ಮೇಲೆ, ಎಲ್ಲ ಬಿಷಪರ ಮೇಲೆ, ಎಲ್ಲ ವಿಶ್ವಾಸಿಗಳ ಮೇಲೆ ಪೋಪ್‌ಗೆ ನೇರವಾದ, ಪೂರ್ತಿ ಅಧಿಕಾರ ಇದೆ ಎಂದು ಅಲ್ಲಿ ಬರೆದಿದೆ. ಮಂಗಳೂರಿಗೆ ಹೊಸ ಬಿಷಪ್ ಬೇಕಾದರೆ ಹೆಸರು ಬರುವುದು ರೋಮಿನಿಂದ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ ಡಯಾಸಿಸ್, ಅಂದರೆ ಬಿಷಪರ ಪ್ರಾಂತದ ಕೌನ್ಸಿಲ್ ವೋಟು ಹಾಕಿ ಕೆಲವು ಹೆಸರು ಆರಿಸುತ್ತದೆ, ಅದರಲ್ಲಿ ಒಬ್ಬರನ್ನು ಸಿನಡ್, ಅಂದರೆ ಇಡೀ ಸಿಎಸ್‌ಐನ ಆಡಳಿತ ಮಂಡಳಿ ಕಡೆಯವರು ನೇಮಿಸುತ್ತಾರೆ. ಎರಡು ಶತಮಾನದಲ್ಲಿ ಎರಡು ಸಲ ಬಂದ ಸಿದ್ಧಾಂತಕ್ಕಿಂತ ಈ ವ್ಯತ್ಯಾಸ ಜಾಸ್ತಿ ಕಣ್ಣಿಗೆ ಕಾಣುತ್ತದೆ.

ನಿಮ್ಮ ಎದುರಿಗಿರುವವರು ಯಾವುದನ್ನು ಮಾತಾಡುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವವರೂ ಇದ್ದಾರೆ. ಪ್ರೊಟೆಸ್ಟಂಟ್ ಚಳವಳಿ ಹುಟ್ಟುಹಾಕಿದ ಲೂಥರನ ಗೆಳೆಯ ಮೆಲಾಂಕ್ತನ್, 1537ರಲ್ಲಿ ಲೂಥರ್ ಬರೆದ ನಂಬಿಕೆಯ ಪಟ್ಟಿಗೆ ಸಹಿ ಹಾಕುವಾಗ ಒಂದು ಸಾಲು ಸೇರಿಸಿದ. ಪೋಪ್ ಸುವಾರ್ತೆಗೆ ಅಡ್ಡ ಬರದಿದ್ದರೆ, ಶಾಂತಿ ಒಗ್ಗಟ್ಟಿನ ಸಲುವಾಗಿ ಬಿಷಪರ ಮೇಲೆ ಅವನ ಹಿರಿತನವನ್ನು ಒಪ್ಪಬಹುದು, ಆದರೆ ಅದು ಮನುಷ್ಯರು ಮಾಡಿಕೊಂಡ ಏರ್ಪಾಡು, ದೇವರ ಕಟ್ಟಳೆಯಲ್ಲ. ಜಾಣ ಮಾತು. 1995ರಲ್ಲಿ ಎರಡನೇ ಜಾನ್ ಪಾಲ್ ಕೂಡ ತಮ್ಮ ಹುದ್ದೆಯನ್ನು ಹೇಗೆ ನಡೆಸಿದರೆ ಎಲ್ಲ ಕ್ರೈಸ್ತರಿಗೂ ಒಪ್ಪಿಗೆಯಾದೀತು ಎಂದು ಉಳಿದ ಸಭೆಗಳವರನ್ನೇ ಮಾತಿಗೆ ಕರೆದರು. ಅಂದರೆ ಮೊದಲ ಪ್ರಶ್ನೆಗೆ ಸ್ವಲ್ಪ ಜಾಗ ಇದೆ. ಎರಡನೆಯದಕ್ಕೆ ಅಷ್ಟು ಸುಲಭದ ಜಾಗ ನನಗೆ ಕಂಡಿಲ್ಲ.

ಬಂಡೆಯ ವಚನ ಬಂದಾಗ

ಬಂದೇ ಬರುತ್ತದೆ. ಮತ್ತಾಯ 16:18. ನೀನು ಪೇತ್ರನು, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು. ಕನ್ನಡದಲ್ಲಿ ಓದಿದರೆ ಇದರ ಸ್ವಾರಸ್ಯವೇ ಹೋಗಿಬಿಡುತ್ತದೆ, ಯಾಕೆಂದರೆ ಪೇತ್ರ ಒಂದು ಹೆಸರು, ಬಂಡೆ ಇನ್ನೊಂದು ಪದ, ಎರಡಕ್ಕೂ ನಂಟೇ ಕಾಣುವುದಿಲ್ಲ. ಮೂಲ ಗ್ರೀಕಿನಲ್ಲಿ ಪೆತ್ರೋಸ್, ಪೆತ್ರಾ ಎಂದಿದೆ. "ಒಂದು ಚಿಕ್ಕ ಕಲ್ಲು, ಇನ್ನೊಂದು ದೊಡ್ಡ ಬಂಡೆ, ಹಾಗಾಗಿ ಬಂಡೆ ಪೇತ್ರ ಅಲ್ಲ" ಎಂದು ನಮ್ಮ ಕಡೆಯವರು ವಾದಿಸುತ್ತಾರೆ. ನಾನೂ ವಾದಿಸಿದ್ದೆ. ಮಾವ ಯೋಹಾನ 1:42 ತೆಗೆದು ತೋರಿಸಿದರು. ಅಲ್ಲಿ ಯೇಸು ಅವನಿಗಿಟ್ಟ ಹೆಸರು ಕೇಫ. ಅದು ಅರಮಾಯಿಕ್ ಪದ, ಅರ್ಥ ಬಂಡೆ. ಯೇಸು ಆಡಿದ ಭಾಷೆಯಲ್ಲಿ ಎರಡೂ ಕಡೆ ಕೇಫ ಎಂದೇ ಇದ್ದಿರಬೇಕು. ಆಮೇಲೆ ನೋಡಿದರೆ ಓಸ್ಕರ್ ಕುಲ್‌ಮನ್ ಎಂಬ ದೊಡ್ಡ ಲೂಥರನ್ ವಿದ್ವಾಂಸರೂ ಬಂಡೆ ಅಂದರೆ ಪೇತ್ರನೇ ಎಂದು ಒಪ್ಪಿದ್ದಾರೆ.

ಹಾಗಾದರೆ ಸೋತೆವಾ? ಇಲ್ಲ. ಒಪ್ಪಿಕೊಂಡು ಮುಂದಿನ ಮೆಟ್ಟಿಲಿಗೆ ಬನ್ನಿ, ಅಲ್ಲಿಂದಲೇ ನಿಮ್ಮ ಆಟ ಶುರು. ಬಂಡೆ ಪೇತ್ರನೇ ಇರಲಿ. ಪೇತ್ರನ ನಂತರ ರೋಮಿನ ಬಿಷಪನಿಗೆ ಅದೇ ಅಧಿಕಾರ ಹೋಗುತ್ತದೆ ಎಂದು ಆ ವಚನದಲ್ಲಿ ಎಲ್ಲಿದೆ? ಕುಲ್‌ಮನ್ ನಿಲ್ಲುವುದೂ ಇಲ್ಲೇ: ಅಡಿಪಾಯದ ಕಲ್ಲು ಒಂದು ಸಲ ಇಡುವಂಥದ್ದು, ಆ ಮಾತು ಆ ಒಬ್ಬ ಅಪೊಸ್ತಲನಿಗೆ ಮಾತ್ರ.

ಕ್ಯಾಥೊಲಿಕರು ಇದಕ್ಕೆ ಬೀಗದ ಕೈ ತೋರಿಸುತ್ತಾರೆ. ಮುಂದಿನ ವಚನದಲ್ಲಿ ಪರಲೋಕರಾಜ್ಯದ ಬೀಗದ ಕೈಗಳ ಮಾತಿದೆ. ಅದು ಯೆಶಾಯ 22:22ರ ನೆನಪು, ಅರಮನೆಯ ಮೇಲ್ವಿಚಾರಕ ಎಲ್ಯಾಕೀಮನ ಹೆಗಲಿಗೆ ದಾವೀದನ ಮನೆಯ ಬೀಗದ ಕೈ. ಅದೊಂದು ಹುದ್ದೆ, ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ನಿಜ ಹೇಳಬೇಕೆಂದರೆ ಇದು ಅವರ ಕಡೆಯ ಒಳ್ಳೆಯ ವಾದ. ಇದಕ್ಕೆ ನನ್ನ ಹತ್ತಿರ ಇರುವ ಒಂದೇ ಉತ್ತರ ಹಳೇ ಕಾಲದ ದೊಡ್ಡ ಕ್ರೈಸ್ತ ಗುರು ಸಂತ ಅಗಸ್ಟೀನ್. ಮುದುಕನಾದ ಮೇಲೆ ತನ್ನ ಹಳೆಯ ಬರಹಗಳನ್ನು ತಿರುವಿ ಹಾಕುತ್ತಾ ಅವನು ಬರೆದ: ಮೊದಲು ಬಂಡೆ ಪೇತ್ರ ಎಂದಿದ್ದೆ, ಆಮೇಲೆ ಕ್ರಿಸ್ತ ಎಂದೆ, ಯಾವುದು ಸರಿ ಎಂದು ಓದುವವರೇ ಆರಿಸಿಕೊಳ್ಳಲಿ. ಇಡೀ ಸಭೆಯ ತಲೆ ಯಾರು ಎಂಬುದು ಈ ಒಂದು ವಚನದ ಮೇಲೆ ನಿಂತಿದ್ದಿದ್ದರೆ ಅಗಸ್ಟೀನನಂಥವನು ಇಷ್ಟು ಆರಾಮಾಗಿ ಬಿಟ್ಟುಕೊಡುತ್ತಿದ್ದನಾ?

ಒಂದೇ ಒಂದು ಪೋಪ್ ಬೇಕಾದರೆ ಹೊನೋರಿಯುಸ್ ಸಾಕು

ಹತ್ತು ಪೋಪ್‌ಗಳ ಹೆಸರು ಉದುರಿಸಬೇಡಿ. ಒಬ್ಬನನ್ನು ಹಿಡಿಯಿರಿ. ಏಳನೇ ಶತಮಾನದ ಮೊದಲನೇ ಹೊನೋರಿಯುಸ್. ಆಗಿನ ದೊಡ್ಡ ಜಗಳ, ಕ್ರಿಸ್ತನಿಗೆ ದೈವಿಕ ಮತ್ತು ಮಾನವ ಎಂಬ ಎರಡು ಇಚ್ಛೆಗಳಿವೆಯಾ, ಒಂದೇನಾ ಎಂಬುದು. ಕಾನ್‌ಸ್ಟಾಂಟಿನೋಪಲಿನ ಕುಲಪಿತ, ಅಂದರೆ ಅಲ್ಲಿನ ಹಿರಿಯ ಬಿಷಪ್, ಸೆರ್ಗಿಯುಸ್ ಪತ್ರ ಬರೆದು ಕೇಳಿದ. ಹೊನೋರಿಯುಸ್ ಉತ್ತರದಲ್ಲಿ ನಮ್ಮ ಕರ್ತನಿಗೆ ಒಂದೇ ಇಚ್ಛೆ ಎಂದು ಬರೆದ. 638ರಲ್ಲಿ ಸತ್ತ. 680-681ರ ಮಹಾಸಭೆ, ಎರಡೂ ಕಡೆಯವರು ಮಾನ್ಯ ಮಾಡುವ ಆರನೇ ಮಹಾಸಭೆ, ಎರಡು ಇಚ್ಛೆ ಎನ್ನುವುದೇ ಸರಿ ಎಂದು ತೀರ್ಮಾನಿಸಿ, ತಪ್ಪು ಕಲಿಸಿದವರ ಪಟ್ಟಿಯಲ್ಲಿ ಹೊನೋರಿಯುಸನ ಹೆಸರನ್ನೂ ಸೇರಿಸಿ ಪಾಷಂಡಿ ಎಂದು ಶಪಿಸಿತು. ಎರಡನೇ ಲಿಯೋ ಪೋಪ್ ಆ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟ.

ಅಂದರೆ ಒಬ್ಬ ಪೋಪ್ ನಂಬಿಕೆಯ ವಿಷಯದಲ್ಲಿ ಬರೆದದ್ದು ತಪ್ಪು ಎಂದು ಮಹಾಸಭೆ ಹೇಳಿತು, ಇನ್ನೊಬ್ಬ ಪೋಪ್ ಹೌದು ಎಂದ. ಇದು ಪ್ರೊಟೆಸ್ಟಂಟರು ಕಟ್ಟಿದ ಕಥೆಯಲ್ಲ. 1870ರಲ್ಲಿ ಇದನ್ನು ಎತ್ತಿದವರಲ್ಲಿ ರೊಟೆನ್‌ಬುರ್ಗಿನ ಬಿಷಪ್ ಹೆಫೆಲೆ ಒಬ್ಬರು, ಮಹಾಸಭೆಗಳ ಇತಿಹಾಸವನ್ನೇ ಬರೆದವರು.

ಮಾವನವರ ಉತ್ತರ ಸಿದ್ಧ ಇತ್ತು. ಅದು ಒಬ್ಬ ಕುಲಪಿತನಿಗೆ ಬರೆದ ಪತ್ರ, ಇಡೀ ಸಭೆಗೆ ಸಾರಿದ ತೀರ್ಮಾನವಲ್ಲ. ಲಿಯೋ ಕೂಡ ಬೈದದ್ದು ಮುಖ್ಯವಾಗಿ ಅವನ ಉದಾಸೀನಕ್ಕೆ, ಹೊತ್ತಿಕೊಂಡ ಬೆಂಕಿಯನ್ನು ಆರಿಸದೆ ಬಿಟ್ಟದ್ದಕ್ಕೆ. ಕರೆಯೋಲೆಯ ನಾಲ್ಕು ಷರತ್ತು ತೆಗೆದು ಒಂದೊಂದಾಗಿ ಬೆರಳಿಟ್ಟು, "ಇದು ಇಲ್ಲ, ಇದೂ ಇಲ್ಲ" ಎಂದರು. ತರ್ಕ ಸರಿಯಾಗಿಯೇ ಇದೆ. ಆದರೆ ಆ ಷರತ್ತುಗಳನ್ನು ಬರೆದದ್ದು ಹೊನೋರಿಯುಸ್ ಸತ್ತು 1200 ವರ್ಷಗಳ ಮೇಲೆ. ಬಾಣ ಬಿಟ್ಟಾದ ಮೇಲೆ ಗುರಿಯ ಸುತ್ತ ಗೆರೆ ಎಳೆದ ಹಾಗೆ ನನಗೆ ಅನಿಸುತ್ತದೆ. ಮಾವನಿಗೆ ಹಾಗೆ ಅನಿಸುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿ: ಒಂದು ಮಾತು ಆ ಮಟ್ಟದ್ದಾ ಅಲ್ಲವಾ ಎಂದು ಸಾಮಾನ್ಯ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡುವ ಅಧಿಕಾರ ಸಭೆಗಿಲ್ಲ ಎಂದು 1994ರಲ್ಲಿ ಎರಡನೇ ಜಾನ್ ಪಾಲ್ ಬರೆದರು. ಅದು ಎಕ್ಸ್ ಕತೇದ್ರಾ ಅಲ್ಲ. ಮರುವರ್ಷ ವ್ಯಾಟಿಕನ್ನಿನ ಕಚೇರಿಯೊಂದು, ಆ ಬೋಧನೆ ಎಲ್ಲ ಬಿಷಪರೂ ಸದಾ ಕಲಿಸಿಕೊಂಡು ಬಂದದ್ದು, ಆದ್ದರಿಂದ ಆ ರೀತಿಯಲ್ಲೂ ತಪ್ಪಲಾರದ್ದೇ ಎಂದಿತು. ಈ ಬಗ್ಗೆ ಕ್ಯಾಥೊಲಿಕ್ ದೇವಶಾಸ್ತ್ರಜ್ಞರೇ ಒಮ್ಮತದಲ್ಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಪಾಸ್ಟರ್ ಆಗಿದ್ದಾರೆ, 2013ರಲ್ಲಿ ಸಿಎಸ್‌ಐನ ನಂದ್ಯಾಲ ಡಯಾಸಿಸ್‌ಗೆ ಮಹಿಳೆಯೇ ಬಿಷಪ್ ಆದರು. ಇದು ಹಳೇ ಕಾಲದ ಜಗಳ ಅಲ್ಲ.

ಈಗ ಏಟು ತಿನ್ನಲು ರೆಡಿಯಾಗಿ

ಪ್ರೊಟೆಸ್ಟಂಟರಿಗೆ ಹೇಳುತ್ತಿದ್ದೇನೆ. ಇಷ್ಟಾದ ಮೇಲೆ ಎದುರಿನವರು ಸುಮ್ಮನೆ ಕೂರುವುದಿಲ್ಲ. "ಸರಿ, ಪೋಪ್ ಬೇಡ. ಹಾಗಾದರೆ ಬೈಬಲಿನ ಅರ್ಥದ ಬಗ್ಗೆ ಜಗಳ ಬಂದರೆ ನಿಮ್ಮಲ್ಲಿ ಕೊನೆಯ ಮಾತು ಯಾರದು?" ಎಂದು ಕೇಳುತ್ತಾರೆ. ಬೈಬಲಿನದೇ ಎಂದರೆ ಸಾಲದು, ಜಗಳ ಬಂದಿರುವುದೇ ಬೈಬಲಿನ ಅರ್ಥಕ್ಕೆ.

ಲೂಥರನಿಗೇ ಈ ಪ್ರಶ್ನೆ ಮೊದಲು ಬಂತು. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಕ್ಯಾಥೊಲಿಕ್ ಪಂಡಿತ ಯೊಹಾನ್ ಎಕ್ ವಾದದಲ್ಲಿ ಅವನನ್ನು ಮೂಲೆಗೆ ತಳ್ಳಿದ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಬೊಹೀಮಿಯದ ಸುಧಾರಕ ಯಾನ್ ಹುಸ್‌ನನ್ನು ಪಾಷಂಡಿ ಎಂದು ತೀರ್ಮಾನಿಸಿ ಸುಡಿಸಿತ್ತು. ಹುಸ್ ಹೇಳಿದ್ದರಲ್ಲಿ ಕೆಲವು ಸರಿ ಎಂದು ಲೂಥರ್ ಒಪ್ಪಿಕೊಂಡದ್ದೇ ತಡ, ಹಾಗಾದರೆ ಮಹಾಸಭೆಯೂ ತಪ್ಪುತ್ತದೆ ಎಂದಾಯಿತು. ಪೋಪ್ ಒಬ್ಬರ ಜಗಳವಾಗಿದ್ದದ್ದು ಅಲ್ಲಿಂದ ದೊಡ್ಡದಾಯಿತು. 1521ರಲ್ಲಿ ವೋರ್ಮ್ಸ್‌ನಲ್ಲಿ ಪೋಪ್ ಮೇಲೂ ಮಹಾಸಭೆಗಳ ಮೇಲೂ ನನಗೆ ಭರವಸೆ ಇಲ್ಲ, ಶಾಸ್ತ್ರವಚನ ತೋರಿಸಿ ಎಂದ. ಕೇಳಲು ಮೈ ಜುಂ ಎನ್ನುತ್ತದೆ. ಆದರೆ ಎಂಟೇ ವರ್ಷಕ್ಕೆ, 1529ರ ಅಕ್ಟೋಬರಿನಲ್ಲಿ, ಅದೇ ಲೂಥರ್ ಮತ್ತು ಸ್ವಿಸ್ ಸುಧಾರಕ ಸ್ವಿಂಗ್ಲಿ ಮಾರ್‌ಬುರ್ಗ್ ಕೋಟೆಯಲ್ಲಿ ಎದುರುಬದುರು ಕೂತರು. ಇಬ್ಬರ ಕೈಯಲ್ಲೂ ಅದೇ ಬೈಬಲ್, ಇಬ್ಬರಿಗೂ ಪೋಪ್ ಬೇಡ. ಲೂಥರ್ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ "ಇದು ನನ್ನ ದೇಹ" ಎಂದು ಲ್ಯಾಟಿನ್‌ನಲ್ಲಿ ಬರೆದು ಅದರ ಮೇಲೊಂದು ಬಟ್ಟೆ ಮುಚ್ಚಿಟ್ಟಿದ್ದ. ಸ್ವಿಂಗ್ಲಿ, ಆ ಲ್ಯಾಟಿನ್ ಮಾತಿನ "ಎಸ್ಟ್" (ಆಗಿದೆ) ಎಂದರೆ "ಸೂಚಿಸುತ್ತದೆ" ಎಂದರ್ಥ ಎಂದ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು. ಪ್ರಭುಭೋಜನದ್ದು ಉಳಿಯಿತು, ಇಂದಿಗೂ ಉಳಿದಿದೆ.

ಇದನ್ನು ಎದುರಿನವರು ಎತ್ತುವ ಮೊದಲು ನೀವೇ ಎತ್ತಿ. ಮಾನ ಉಳಿಯುತ್ತದೆ. ಆಮೇಲೆ ನಾನು ಹೇಳುವುದು ಇಷ್ಟು: ತೀರ್ಪುಗಾರ ಬೇಕು ಎಂದು ನಮಗೆ ಅನಿಸಿದ ಮಾತ್ರಕ್ಕೆ ದೇವರು ಒಬ್ಬನನ್ನು ಕೊಟ್ಟಿದ್ದಾನೆ ಎಂದಾಗುವುದಿಲ್ಲ. ಮೂವರು ಪೋಪ್‌ಗಳು ಒಟ್ಟಿಗೆ ಇದ್ದ ಕಾಲದಲ್ಲಿ, ಅದನ್ನು ಬಗೆಹರಿಸಿದ್ದು ಅದೇ ಕಾನ್‌ಸ್ಟನ್ಸ್ ಮಹಾಸಭೆ, ಆಗ ತೀರ್ಪುಗಾರ ಯಾರು ಎಂದೇ ಜನರಿಗೆ ತಿಳಿಯಲಿಲ್ಲ. ಮಾವ ಇದಕ್ಕೆ, "ಮೂರು ವೈದ್ಯರು ಜಗಳ ಆಡಿದರೆ ವೈದ್ಯ ಬೇಡ ಅಂತೀಯಾ?" ಎನ್ನುತ್ತಾರೆ. ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಅತ್ತೆ ಇಡ್ಲಿಯಂಥ "ಸಣ್ಣ" ಮತ್ತು ಹಂದಿಮಾಂಸದ ಪಾತ್ರೆ ತಂದು ನಡುವೆ ಇಡುತ್ತಾರೆ. ಊಟಕ್ಕೆ ಕರೆದಾಗ ಏಳಿ, ಇನ್ನೊಂದು ಮಾತು ಅಂತ ಕೂರಬೇಡಿ.

ಆ ಕರೆಯೋಲೆ ಈಗ ಮಾವನವರ ಬೈಬಲಿನೊಳಗೆ ಮತ್ತಾಯನ ಪುಟದಲ್ಲಿದೆ. ಕಳೆದ ಡಿಸೆಂಬರಿನಲ್ಲಿ ತೆಗೆದು ನೋಡಿದೆ. ನಾಲ್ಕು ಷರತ್ತುಗಳ ಕೆಳಗೆ ಪೆನ್ಸಿಲಿನಲ್ಲಿ "ಹೊನೋರಿಯುಸ್" ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದರು. ಅವರು ಸ್ನಾನಕ್ಕೆ ಹೋಗಿದ್ದರು. ಅದರ ಕೆಳಗೆ ನಾನು "ಮಾರ್‌ಬುರ್ಗ್" ಎಂದು ಬರೆದೆ, ಮುಂದೆ ಅಂಥದ್ದೇ ಒಂದು ಚಿಹ್ನೆ ಹಾಕಿ, ಪುಟ ಮುಚ್ಚಿಟ್ಟೆ.